ಆಳದ ರೀಫ್ ಟ್ಯಾಂಕಿಗೆ ಲೈಟ್ ಆಯ್ಕೆ ಮಾಡುವುದು ಹೇಗೆ? ಮುಂಬಯಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಡೊಂಬಿವಲಿಯಿಂದ ದಹಿಸರ್‌ವರೆಗೆ ನಮ್ಮವರ ಫ್ಲ್ಯಾಟುಗಳಲ್ಲಿ ರೀಫ್ ಟ್ಯಾಂಕಿಗೆ, ಅಂದರೆ ಉಪ್ಪುನೀರಿನಲ್ಲಿ ಜೀವಂತ ಹವಳ ಸಾಕುವ ಗಾಜಿನ ತೊಟ್ಟಿಗೆ, ಜಾಗ ಅಗಲದಲ್ಲಿ ಸಿಗುವುದಿಲ್ಲ. ಹಾಗಾಗಿ ಎತ್ತರ ಹೆಚ್ಚಿಸುತ್ತಾರೆ. ಎತ್ತರ ಹೆಚ್ಚಾದೊಡನೆ ಲೈಟಿನ ಲೆಕ್ಕವೆಲ್ಲ ಬದಲಾಗುತ್ತದೆ. ಸಮುದ್ರದ ನೀರಿನ ಟ್ಯಾಂಕ್ ಈಗಾಗಲೇ ಇಟ್ಟು, ಉಪ್ಪಿನಂಶ ಅಳೆಯಲು ಗೊತ್ತಿರುವವರಿಗಾಗಿ ಈ ಪ್ರಶ್ನೋತ್ತರ.

ಎಷ್ಟು ಎತ್ತರವಿದ್ದರೆ ‘ಆಳದ ಟ್ಯಾಂಕ್’ ಅನ್ನಬೇಕು?

ಗಾಜಿನ ಎತ್ತರ 24 ಇಂಚು ದಾಟಿದರೆ. ಪೇಟೆಯಲ್ಲಿ ಸಿಗುವ ಬಹುಪಾಲು ರೀಫ್ ಲೈಟುಗಳು 18ರಿಂದ 24 ಇಂಚಿನ ಟ್ಯಾಂಕನ್ನು ಮನಸ್ಸಿನಲ್ಲಿಟ್ಟು ಮಾಡಿದವು. 30 ಇಂಚಿನ ಟ್ಯಾಂಕಿನಲ್ಲಿ ಮೇಲೆ 5 ಸೆಂ.ಮೀ. ಖಾಲಿ, ತಳದಲ್ಲಿ 5 ಸೆಂ.ಮೀ. ಮರಳು ಕಳೆದರೆ ಸುಮಾರು 65 ಸೆಂ.ಮೀ. ನೀರು. ಲೈಟ್ ನೀರಿನಿಂದ 20 ಸೆಂ.ಮೀ. ಮೇಲಿದ್ದರೆ ಲೈಟಿನಿಂದ ಮರಳಿಗೆ 85 ಸೆಂ.ಮೀ. ಅಂಗಡಿಯವರ ಹತ್ತಿರ ‘30 ಇಂಚಿನ ಟ್ಯಾಂಕ್’ ಅನ್ನುವ ಬದಲು ಈ 85ರ ಅಂಕಿ ಹೇಳಿ. ಕೆಳಗಿನ ಲೆಕ್ಕವೆಲ್ಲ ಅದರ ಮೇಲೆಯೇ ನಿಂತಿದೆ.

ಒಂದು ಲೀಟರಿಗೆ ಎಷ್ಟು ವ್ಯಾಟ್ ಬೇಕು?

ಆ ಲೆಕ್ಕ ಟ್ಯೂಬ್‌ಲೈಟಿನ ಕಾಲದ್ದು, ಈಗ ಬಿಟ್ಟುಬಿಡಿ. ವ್ಯಾಟ್ ಎಂದರೆ ಲೈಟ್ ಎಳೆಯುವ ಕರೆಂಟಿನ ಲೆಕ್ಕ ಮಾತ್ರ. ಹವಳಕ್ಕೆ ತಲುಪುವ ಬೆಳಕನ್ನು ಅಳೆಯುವುದು ‘ಪಾರ್’. 400ರಿಂದ 700 ನ್ಯಾನೋಮೀಟರ್ ನಡುವಿನ ಬೆಳಕಿನ ಕಣಗಳು ಒಂದು ಚದರ ಮೀಟರಿನ ಮೇಲೆ ಸೆಕೆಂಡಿಗೆ ಎಷ್ಟು ಮೈಕ್ರೋಮೋಲ್ ಬೀಳುತ್ತವೆ ಎಂಬುದೇ ಪಾರ್. ಹವಳದ ಅಂಗಾಂಶದೊಳಗಿನ ಜೂಕ್ಸಾಂಥೆಲೆ ಎಂಬ ಸೂಕ್ಷ್ಮ ಪಾಚಿ ಈ ಬೆಳಕಿನಿಂದ ಸಕ್ಕರೆ ತಯಾರಿಸಿ ಹವಳಕ್ಕೆ ಉಣಿಸುತ್ತದೆ.

ಮಶ್ರೂಮ್, ಜೊವಾಂಥಿಡ್, ಲೆದರ್‌ನಂಥ ಮೃದು ಹವಳಗಳಿಗೆ 50ರಿಂದ 150 ಪಾರ್ ಸಾಕು. ದೊಡ್ಡ ಪಾಲಿಪ್‌ನ (ಪಾಲಿಪ್ ಎಂದರೆ ಹವಳದ ಒಂದೊಂದು ಪುಟ್ಟ ಜೀವಿ) ಗಟ್ಟಿ ಹವಳಗಳಿಗೆ, ಅಂದರೆ ಎಲ್‌ಪಿಎಸ್‌ಗೆ, 75ರಿಂದ 150. ಆಕ್ರೊಪೊರಾದಂಥ ಸಣ್ಣ ಪಾಲಿಪ್‌ನ ಎಸ್‌ಪಿಎಸ್ 200ರಿಂದ 350 ಕೇಳುತ್ತದೆ. ಅಲ್ಲಿಂದಾಚೆ ಹೆಚ್ಚಿಸಿದರೆ ಲಾಭ ಕಡಿಮೆ, ಅಪಾಯ ಜಾಸ್ತಿ.

ಲೈಟಿಗಿಂತ ಮೊದಲು ಹವಳ ತೀರ್ಮಾನಿಸಬೇಕೇ? ಕೊಂಕಣ ತೀರದ ಮಾಲ್ವಣದಿಂದ ಹವಳದ ಒಂದು ತುಂಡು ತರಬಹುದೇ?

ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಖಂಡಿತ ಇಲ್ಲ. ಎಲ್ಲ ಗಟ್ಟಿ ಹವಳಗಳು, ಕಪ್ಪು ಹವಳ, ಆರ್ಗನ್ ಪೈಪ್ ಹವಳ, ಬೆಂಕಿ ಹವಳ ಮತ್ತು ಸಮುದ್ರ ಬೀಸಣಿಗೆಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಹುಲಿಗಿರುವ ರಕ್ಷಣೆಯೇ ಇವಕ್ಕೂ ಇದೆ. ಮಾಲ್ವಣವಾಗಲಿ, ಗೋವಾದ ಗ್ರ್ಯಾಂಡ್ ದ್ವೀಪವಾಗಲಿ, ನಮ್ಮ ಮುರ್ಡೇಶ್ವರದ ಎದುರಿನ ನೇತ್ರಾಣಿಯಾಗಲಿ, ಸತ್ತ ತುಂಡನ್ನೂ ಎತ್ತಬಾರದು. ಮುಂಬಯಿಯಲ್ಲೇ ಕೋಸ್ಟಲ್ ರೋಡ್ ಕೆಲಸಕ್ಕಾಗಿ ಹಾಜಿ ಅಲಿ ಮತ್ತು ವರಳಿ ತೀರದ ಹವಳಗಳನ್ನು 2020ರಲ್ಲಿ ಅನುಮತಿ ಪಡೆದು ಬೇರೆಡೆಗೆ ಸ್ಥಳಾಂತರಿಸಬೇಕಾಯಿತು. ವಿದೇಶದಿಂದ ಬಂದ ಗಟ್ಟಿ ಹವಳಕ್ಕೆ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಸೈಟಿಸ್ ಒಪ್ಪಂದದ ಪರವಾನಗಿ ಇರಲೇಬೇಕು. ಮಾರುವವರು ಕಾಗದ ತೋರಿಸದಿದ್ದರೆ ಕೊಳ್ಳಬೇಡಿ.

ಲೈಟಿನ ಖರ್ಚಿಗೂ ಇದಕ್ಕೂ ನೇರ ಸಂಬಂಧವಿದೆ. ಟ್ಯಾಂಕಿನಲ್ಲೇ ಕತ್ತರಿಸಿ ಬೆಳೆಸಿದ ಮೃದು ಹವಳ, ಜೊವಾಂಥಿಡ್, ಮಶ್ರೂಮ್‌ಗಳಿಗೇ ಟ್ಯಾಂಕ್ ಮೀಸಲಿಟ್ಟರೆ ಎಸ್‌ಪಿಎಸ್ ಟ್ಯಾಂಕಿಗೆ ಬೇಕಾಗುವ ಬೆಳಕಿನ ಅರ್ಧಕ್ಕಿಂತ ಕಡಿಮೆ ಸಾಕು. ಇಲ್ಲಿನ ಹೆಚ್ಚಿನ ಮನೆಗಳಿಗೆ ಅದೇ ಸರಿಯಾದ ಆಯ್ಕೆ ಎಂಬುದು ನಮ್ಮ ಅಭಿಪ್ರಾಯ.

ಕೆಳಗೆ ಹೋಗುತ್ತಾ ಬೆಳಕು ಕಡಿಮೆಯಾಗುವುದು ನೀರು ಅದನ್ನು ಹೀರುವುದರಿಂದಲೇ?

ಬಹುಪಾಲು ಅಲ್ಲ. ಮುಕ್ಕಾಲು ಮೀಟರ್ ಶುದ್ಧ ನೀರು 650 ನ್ಯಾನೋಮೀಟರಿನ ಕೆಂಪು ಬೆಳಕಿನ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಹೀರುತ್ತದೆ. ಹವಳಕ್ಕೆ ಬೇಕಾದ 450 ನ್ಯಾನೋಮೀಟರಿನ ನೀಲಿಯಲ್ಲಿ ನೂರಕ್ಕೆ ಒಂದರಷ್ಟನ್ನೂ ಹೀರುವುದಿಲ್ಲ. ಬೆಳಕು ಕುಗ್ಗುವುದು ಮುಖ್ಯವಾಗಿ ಅದು ಹರಡುವುದರಿಂದ.

ನೀರು ಹಳದಿ ತಿರುಗಿದ್ದರೆ ಮಾತ್ರ ಮಾತು ಬೇರೆ. ಹಳೆಯ ಟ್ಯಾಂಕಿನಲ್ಲಿ ಸೇರಿಕೊಳ್ಳುವ ಸಾವಯವ ಬಣ್ಣ ನೀಲಿಯನ್ನೇ ಮೊದಲು ನುಂಗುತ್ತದೆ. ಬಿಳಿ ಬಕೆಟ್ಟಿನಲ್ಲಿ ಟ್ಯಾಂಕಿನ ನೀರು ತುಂಬಿ, ಪಕ್ಕದಲ್ಲಿ ಹೊಸದಾಗಿ ಬೆರೆಸಿದ ಉಪ್ಪುನೀರನ್ನು ಇನ್ನೊಂದು ಬಿಳಿ ಬಕೆಟ್ಟಿನಲ್ಲಿಟ್ಟು ನೋಡಿ. ವ್ಯತ್ಯಾಸ ಕಣ್ಣಿಗೆ ಕಂಡರೆ ಆಕ್ಟಿವೇಟೆಡ್ ಕಾರ್ಬನ್ ಹಾಕಿ. ಆದರೆ ಒಮ್ಮೆಗೇ ತುಂಬ ಹಾಕಬೇಡಿ. ನೀರು ಒಂದೇ ದಿನದಲ್ಲಿ ತಿಳಿಯಾದರೆ ಲೈಟ್ ದಿಢೀರನೆ ಹೆಚ್ಚಿಸಿದಂತಾಗಿ ಮೇಲಿನ ಹವಳಗಳು ಬೆಳ್ಳಗಾಗುತ್ತವೆ.

ಲೆನ್ಸ್ ಎಷ್ಟು ಡಿಗ್ರಿಯದಿರಬೇಕು?

ಆಳದ ಟ್ಯಾಂಕಿನಲ್ಲಿ ಬೆಲೆಗಿಂತ, ಬ್ರ್ಯಾಂಡಿಗಿಂತ ಮೊದಲು ನೋಡಬೇಕಾದದ್ದು ಇದು. ಬೆಳಕು ನೀರಿಗೆ ಇಳಿಯುವಾಗ ಬಾಗಿ ಸ್ವಲ್ಪ ಕಿರಿದಾಗುತ್ತದೆ. ಅದನ್ನೂ ಸೇರಿಸಿ ಲೆಕ್ಕ ಹಾಕಿದರೆ, ನೀರಿನಿಂದ 20 ಸೆಂ.ಮೀ. ಮೇಲಿರುವ 60 ಡಿಗ್ರಿ ಲೆನ್ಸಿನ ಬೆಳಕು 65 ಸೆಂ.ಮೀ. ಕೆಳಗಿನ ಮರಳಿನ ಮೇಲೆ ಸುಮಾರು 76 ಸೆಂ.ಮೀ. ಅಡ್ಡಳತೆಯ ವೃತ್ತವಾಗುತ್ತದೆ. 90 ಡಿಗ್ರಿಯದು ಸುಮಾರು 120 ಸೆಂ.ಮೀ. ಲೆನ್ಸೇ ಇಲ್ಲದ 120 ಡಿಗ್ರಿಯದು 180 ಸೆಂ.ಮೀ. ಅಷ್ಟೇ ಬೆಳಕು, 60 ಡಿಗ್ರಿಯ ಐದು ಪಟ್ಟಿಗಿಂತ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ.

ಹಾಗೆಂದು ಅದೆಲ್ಲ ವ್ಯರ್ಥವಲ್ಲ. ಪಕ್ಕದ ಗಾಜಿಗೆ ಓರೆಯಾಗಿ ಬಡಿದ ಬೆಳಕು ಗಾಜಿನ ಹೊರ ಮೈಯಲ್ಲಿ ಪೂರ್ಣ ಪ್ರತಿಫಲನಗೊಂಡು ಒಳಕ್ಕೇ ಮರಳುತ್ತದೆ. ಆದರೆ ಗಾಜಿನ ಒಳಗೆ ಪಾಚಿ ಅಥವಾ ಕೊರಲೈನ್ ಎಂಬ ನೇರಳೆ ಬಣ್ಣದ ಗಟ್ಟಿ ಪಾಚಿ ಹಬ್ಬಿದ್ದರೆ, ಇಲ್ಲವೇ ಹಿಂದಿನ ಗಾಜಿಗೆ ಹೊರಗಿನಿಂದ ಕಪ್ಪು ಬಣ್ಣ ಬಳಿದಿದ್ದರೆ ಈ ಲಾಭ ಹೋಗುತ್ತದೆ. ಹಿನ್ನೆಲೆ ಕಪ್ಪಾಗಿಯೇ ಇರಬೇಕೆಂದರೆ ಬಣ್ಣ ಬಳಿಯದೆ ಕಪ್ಪು ಹಾಳೆಯನ್ನು ಗಾಜಿಗೆ ಅಂಟಿಸದೆ, ನಡುವೆ ತುಸು ಗಾಳಿ ಇರುವಂತೆ ನಿಲ್ಲಿಸಿ.

ಎರಡು ಅಡಿ ಅಗಲ, ಎರಡೂವರೆ ಅಡಿ ಎತ್ತರದ ಟ್ಯಾಂಕಿಗೆ 60ರಿಂದ 90 ಡಿಗ್ರಿ ಲೆನ್ಸ್ ನಮ್ಮ ಶಿಫಾರಸು. ಮೂರು ಅಡಿ ಎತ್ತರಕ್ಕೆ 60. ಅದಕ್ಕಿಂತ ಕಿರಿದಾದರೆ ಲೈಟಿನ ನೇರ ಕೆಳಗೆ ಹವಳ ಸುಡುತ್ತದೆ, ಒಂದು ಗೇಣು ಪಕ್ಕದಲ್ಲಿ ಕತ್ತಲೆ.

4 × 2 × 2.5 ಅಡಿ ಟ್ಯಾಂಕಿಗೆ ಒಂದು ಪೂರ್ತಿ ಲೆಕ್ಕ ಕೊಡಿ.

120 × 60 × 75 ಸೆಂ.ಮೀ., ಅಂದರೆ ಅಂಚಿನವರೆಗೆ 540 ಲೀಟರ್. ಮೊದಲು ಬಂಡೆಯ ಜೋಡಣೆ ಯೋಚಿಸಿ, ಲೈಟ್ ಆಮೇಲೆ. ಜನ ಎಡವುವುದು ಇಲ್ಲೇ. ಮರಳಿನ ಮೇಲೆ 250 ಪಾರ್ ಬೇಕೆಂದು ಪಟ್ಟು ಹಿಡಿದರೆ ಲೈಟಿನ ಪ್ರಖರತೆಯನ್ನು ಎಷ್ಟು ಏರಿಸಬೇಕಾಗುತ್ತದೆಂದರೆ ಬಂಡೆಯ ತುದಿಯಲ್ಲಿ ಯಾವ ಹವಳವೂ ಬದುಕುವುದಿಲ್ಲ. ಬೆಳಕನ್ನು ಕೆಳಕ್ಕೆ ತಳ್ಳುವುದಕ್ಕಿಂತ ಹವಳವನ್ನು ಮೇಲಕ್ಕೆ ತರುವುದು ಅಗ್ಗ.

ಬಂಡೆಗಳನ್ನು ಮೂರು ಮಟ್ಟದಲ್ಲಿ ಕಟ್ಟಿ. ನೀರಿನ ಮೇಲ್ಮೈಯಿಂದ 20–25 ಸೆಂ.ಮೀ. ಕೆಳಗೆ ಮೇಲಿನ ಹಾಸು, ಅಲ್ಲಿ ಗುರಿ 220–300 ಪಾರ್. 40–45 ಸೆಂ.ಮೀ. ಕೆಳಗೆ ನಡುವಿನದು, 120–180. ಮರಳಿನ ಮೇಲೆ 60–100. ಮೃದು ಹವಳಗಳಷ್ಟೇ ಇರುವ ಟ್ಯಾಂಕಾದರೆ ಈ ಮೂರನ್ನೂ ಅರ್ಧ ಮಾಡಿ, ಮರಳಿಗೆ 40–50 ಬಂದರೂ ಮಶ್ರೂಮ್‌ಗಳು ಹಿಗ್ಗುತ್ತವೆ. ಬಂಡೆಗಳನ್ನು ಅಕ್ರಿಲಿಕ್ ಸರಳು ಮತ್ತು ಎಪಾಕ್ಸಿಯಿಂದ ಬಿಗಿ ಮಾಡಿ. 30 ಇಂಚಿನ ಟ್ಯಾಂಕಿನಲ್ಲಿ ಮೇಲಿನ ಬಂಡೆ ಜಾರಿದರೆ ಗಾಜಿನ ಮೇಲೇ ಬೀಳುತ್ತದೆ. ಮೇಲಿನ ಹಾಸು ಮುಂದಕ್ಕೆ ಚಾಚಿದ್ದರೆ ಅದರ ನೆರಳು ಕೆಳಗಿನ ಎರಡೂ ಮಟ್ಟದ ಮೇಲೆ ಬೀಳುತ್ತದೆ, ಆದ್ದರಿಂದ ಹಾಸುಗಳನ್ನು ಮೆಟ್ಟಿಲಿನಂತೆ ಹಿಂದಕ್ಕೆ ಸರಿಸುತ್ತಾ ಹೋಗಿ.

ಈ ಟ್ಯಾಂಕಿಗೆ ಗೋಡೆಯ ಸಾಕೆಟ್ಟಿನಲ್ಲಿ ನಿಜವಾಗಿ ತಲಾ 130ರಿಂದ 190 ವ್ಯಾಟ್ ಎಳೆಯುವ ಎರಡು ಎಲ್‌ಇಡಿ ಯೂನಿಟ್ ಸಾಕು. ಒಂದನ್ನು ಎಡ ಅಂಚಿನಿಂದ 30 ಸೆಂ.ಮೀ., ಇನ್ನೊಂದನ್ನು 90 ಸೆಂ.ಮೀ. ದೂರಕ್ಕೆ, ಟ್ಯಾಂಕಿನ ಮಧ್ಯರೇಖೆಯಿಂದ ತುಸು ಮುಂದಕ್ಕೆ ತೂಗುಹಾಕಿ. ಮುಂದಕ್ಕೆ ಏಕೆಂದರೆ ನಾವು ನೋಡುವುದು ಹವಳದ ಮುಂಬದಿಯನ್ನು, ನೆರಳು ಹಿಂದಕ್ಕೆ ಬೀಳಲಿ. ಮೃದು ಹವಳಕ್ಕಷ್ಟೇ ಆದರೆ 90 ವ್ಯಾಟ್‌ನ ಕೆಸಿಲ್ ಎ360ಎಕ್ಸ್‌ನಂಥ ಎರಡು ಯೂನಿಟ್ ಸಾಕು.

ಒಂದೇ ದೊಡ್ಡ ಯೂನಿಟ್ ಮಧ್ಯದಲ್ಲಿ ತೂಗಬೇಡಿ. ಕವಲೊಡೆದ ಹವಳ ಬೆಳೆದಂತೆ ತನ್ನ ನೆರಳಿನಲ್ಲಿ ತಾನೇ ಸಿಕ್ಕಿ ಬುಡದಿಂದ ಸಾಯತೊಡಗುತ್ತದೆ. ಬೆಳಕು ಎರಡು ಮೂರು ದಿಕ್ಕಿನಿಂದ ಬಂದರೆ ಮಾತ್ರ ಬುಡ ಉಳಿಯುತ್ತದೆ.

ಎಲ್‌ಇಡಿಯೋ, ಟಿ5 ಟ್ಯೂಬೋ, ಮೆಟಲ್ ಹ್ಯಾಲೈಡೋ?

ಆಳಕ್ಕೆ ಹಿಂದಿನಿಂದ ಹೆಸರಾದದ್ದು ಮೆಟಲ್ ಹ್ಯಾಲೈಡ್, ಅಂದರೆ ತುಂಬ ಬಿಸಿಯಾಗುವ ಪ್ರಖರ ದೀಪ. 24–30 ಇಂಚಿಗೆ 250 ವ್ಯಾಟ್, ಅದರಾಚೆ 400. ನೀರಿನ ತಳದಲ್ಲಿ ಬಿಸಿಲು ಕುಣಿಯುವ ನೋಟ ಅದರಲ್ಲಿ ಬಲು ಚೆನ್ನ. ಆದರೆ ಮುಂಬಯಿಯ ಏಪ್ರಿಲ್–ಮೇ ತಿಂಗಳಲ್ಲಿ ಕೋಣೆಯೇ 32–33 ಡಿಗ್ರಿ ಇರುವಾಗ ಟ್ಯಾಂಕನ್ನು 26ರಲ್ಲಿ ಹಿಡಿಯಲು ಚಿಲ್ಲರ್, ಅಂದರೆ ನೀರು ತಣಿಸುವ ಯಂತ್ರ, ಹೆಣಗಾಡುತ್ತಿರುತ್ತದೆ. ಅದರ ಮೇಲೆ ಇನ್ನೊಂದು ಒಲೆ ಹೊತ್ತಿಸುವುದನ್ನು ಇಲ್ಲಿ ಯಾರಿಗೂ ಹೇಳಲಾರೆವು.

ಟಿ5 ಎಂಬ ತೆಳು ಟ್ಯೂಬ್‌ಲೈಟಿನ ಬೆಳಕು ಸಮವಾಗಿ ಹರಡುತ್ತದೆ, ನೆರಳು ಕಡಿಮೆ. ಆದರೆ ಟ್ಯೂಬ್ ಮಾತ್ರ ನೆಚ್ಚಿಕೊಂಡರೆ 60 ಸೆಂ.ಮೀ. ಕೆಳಗೆ ಅದರ ಶಕ್ತಿ ಸಾಲದು. ಎಲ್‌ಇಡಿ ನಡುವೆ, ಮುಂದೊಂದು ಹಿಂದೊಂದು ಟಿ5 ಇಟ್ಟ ಮಿಶ್ರ ಜೋಡಣೆ ಆಳದ ಟ್ಯಾಂಕಿಗೆ ತುಂಬ ಒಳ್ಳೆಯದು. ಇಲ್ಲೊಂದು ಎಚ್ಚರಿಕೆ: ಲೋಹಾರ್ ಚಾಳಿನ ಎಲೆಕ್ಟ್ರಿಕ್ ಅಂಗಡಿಗಳಲ್ಲಿ ಸಿಗುವ ಮನೆಬಳಕೆಯ ನಾಲ್ಕಡಿ ಟಿ5 ಟ್ಯೂಬ್ 28 ವ್ಯಾಟಿನದು. ರೀಫ್ ಫಿಟ್ಟಿಂಗಿನದು 54 ವ್ಯಾಟ್. ಎರಡರ ಉದ್ದವೂ 1149 ಮಿ.ಮೀ., ಪಿನ್ನೂ ಒಂದೇ. ಹಾಗಾಗಿ 28ರ ಟ್ಯೂಬ್ 54ರ ಫಿಟ್ಟಿಂಗಿನಲ್ಲಿ ಸಲೀಸಾಗಿ ಕೂತು, ಹೊತ್ತಿ, ಅಗತ್ಯಕ್ಕಿಂತ ಹೆಚ್ಚು ಕರೆಂಟ್ ತಿಂದು ಬೇಗ ತುದಿ ಕಪ್ಪಾಗಿ ಸಾಯುತ್ತದೆ. ಅದರ ಬಣ್ಣವೂ ಹವಳಕ್ಕೆ ಹೇಳಿದ್ದಲ್ಲ. ಸರಿಯಾದ ಟ್ಯೂಬನ್ನೂ 9ರಿಂದ 12 ತಿಂಗಳಿಗೆ ಬದಲಿಸಬೇಕು, ಉರಿಯುತ್ತಿದ್ದರೂ ಸರಿ. ಎಲ್ಲವನ್ನೂ ಒಂದೇ ದಿನ ಬದಲಿಸದೆ ಎರಡು ಮೂರು ವಾರದ ಅಂತರದಲ್ಲಿ ಒಂದೊಂದಾಗಿ ಬದಲಿಸಿ.

ಆನ್‌ಲೈನ್‌ನಲ್ಲಿ ಸಿಗುವ ‘165 ವ್ಯಾಟ್’ ಕಪ್ಪು ಡಬ್ಬಿ ಲೈಟುಗಳು ಕೆಟ್ಟವೇನಲ್ಲ. ಒಳಗೆ 3 ವ್ಯಾಟ್‌ನ 55 ಎಲ್‌ಇಡಿ ಇರುವುದರಿಂದ ಆ ಹೆಸರು. ಚಿಪ್ಪುಗಳನ್ನು ಪೂರ್ತಿ ಕರೆಂಟಿನಲ್ಲಿ ಓಡಿಸದ ಕಾರಣ ಸಾಕೆಟ್ಟಿನಲ್ಲಿ ಅಳೆದರೆ ಅದಕ್ಕಿಂತ ಬಹಳ ಕಡಿಮೆ. ಒಂದು ಪ್ಲಗ್ ವ್ಯಾಟ್ ಮೀಟರ್ ಹಾಕಿ ನೋಡಿ, ಲೆನ್ಸ್ 90 ಡಿಗ್ರಿ ಅಥವಾ ಕಡಿಮೆಯೇ ಎಂದು ಕೇಳಿ, ಫ್ಯಾನ್ ಬದಲಿಸಲು ಬರುತ್ತದೆಯೇ ನೋಡಿ. ಲ್ಯಾಮಿಂಗ್ಟನ್ ರೋಡಿನಲ್ಲಿ 12 ವೋಲ್ಟ್ ಫ್ಯಾನ್ ಸುಲಭವಾಗಿ ಸಿಗುತ್ತದೆ.

ನೀಲಿ ಎಷ್ಟು, ಬಿಳಿ ಎಷ್ಟು?

ಹವಳದ ಪಾಚಿಗೆ ಕೆಲಸಕ್ಕೆ ಬರುವುದು ಮುಖ್ಯವಾಗಿ 400–480 ನ್ಯಾನೋಮೀಟರ್. ಬಿಳಿ ಇರುವುದು ಬಹುಮಟ್ಟಿಗೆ ನಮ್ಮ ಕಣ್ಣಿಗಾಗಿ. ಎಲ್‌ಇಡಿಯ ನೀಲಿ ಮತ್ತು ನೇರಳೆ ಚಾನೆಲ್ 100 ಪ್ರತಿಶತ ಇದ್ದರೆ ಬಿಳಿ 15ರಿಂದ 30ರ ನಡುವೆ, ಕೆಂಪು–ಹಸಿರು 5ರ ಒಳಗೆ ಇಟ್ಟು ಶುರು ಮಾಡಿ. ಪೂರ್ತಿ ನೀಲಿಯಲ್ಲಿ ಹವಳ ಹೊಳೆಯುತ್ತದೆ ನಿಜ, ಆದರೆ ಬುಡದಲ್ಲಿ ಅಂಗಾಂಶ ಕಳಚುತ್ತಿರುವುದು, ಚಪ್ಪಟೆ ಹುಳು ಅಂಟಿರುವುದು ಆ ಬೆಳಕಿನಲ್ಲಿ ಕಾಣುವುದೇ ಇಲ್ಲ. ದಿನಕ್ಕೆ ಅರ್ಧ ಗಂಟೆಯಾದರೂ ಬಿಳಿ ಏರಿಸಿ ಪ್ರತಿ ಹವಳವನ್ನೂ ಹತ್ತಿರದಿಂದ ನೋಡಿ.

ಪಾರ್ ಮೀಟರ್ ದುಬಾರಿ. ಮೊಬೈಲ್ ಆ್ಯಪ್ ಸಾಕೇ?

ಸಾಲದು. ಫೋನಿನ ಸೆನ್ಸರ್ ಲಕ್ಸ್ ಅಳೆಯುತ್ತದೆ, ಲಕ್ಸ್ ಮನುಷ್ಯನ ಕಣ್ಣಿನ ಮಾಪನ, ನಮ್ಮ ಕಣ್ಣಿಗೆ ಹಸಿರು ಪ್ರಖರ, ನೀಲಿ ಮಂದ. ಬಿಸಿಲಿನ ಲಕ್ಸನ್ನು 54ರಿಂದ ಭಾಗಿಸಿದರೆ ಪಾರ್ ಸುಮಾರಾಗಿ ಸಿಗುತ್ತದೆ. ಅದೇ ಭಾಗಾಕಾರವನ್ನು ನೀಲಿ ಎಲ್‌ಇಡಿಗೆ ಹಾಕಿದರೆ ನಿಜವಾದದ್ದಕ್ಕಿಂತ ತುಂಬ ಕಡಿಮೆ ಬಂದು, ಲೈಟಿನ ಪ್ರಖರತೆ ಏರಿಸಿ ಹವಳ ಸುಡುತ್ತೀರಿ.

ಅಪೊಜಿ ಎಂಕ್ಯೂ-510ರಂಥ ನೀರೊಳಗಿನ ಮೀಟರನ್ನು ನಾಲ್ಕೈದು ಜನ ಸೇರಿ ಕೊಂಡು ಹಂಚಿಕೊಳ್ಳುವುದೇ ಜಾಣತನ, ವರ್ಷಕ್ಕೆ ಎರಡು ಸಲ ಬೇಕಾಗುವ ವಸ್ತು ಅದು. ಅಳೆಯುವಾಗ ಪಂಪುಗಳು ಓಡುತ್ತಿರಲಿ. ಸೆನ್ಸರ್ ನೇರ ಮೇಲ್ಮುಖವಾಗಿರಲಿ. ನಾಲ್ಕು ಮೂಲೆ ಮತ್ತು ಮಧ್ಯ, ಹೀಗೆ ಐದು ಜಾಗ, ಪ್ರತಿಯೊಂದರಲ್ಲೂ ಮೂರು ಆಳ, ಒಟ್ಟು 15 ಅಂಕಿ ಕಾಗದದ ಮೇಲೆ ಬರೆದುಕೊಳ್ಳಿ. ಕಂಪನಿಯ ಪಾರ್ ನಕ್ಷೆ ಹೆಚ್ಚಾಗಿ ಬಂಡೆಯೇ ಇಲ್ಲದ ಖಾಲಿ ಟ್ಯಾಂಕಿನದು, ನಿಮ್ಮಲ್ಲಿ ಅದಕ್ಕಿಂತ ಕಡಿಮೆ ಬರುತ್ತದೆ ಎಂದಿಟ್ಟುಕೊಳ್ಳಿ.

ಹೊಸ ಲೈಟ್ ಬಂತು. ಎಷ್ಟರಿಂದ ಶುರು ಮಾಡಲಿ, ದಿನಕ್ಕೆ ಎಷ್ಟು ಗಂಟೆ?

ಹಳೆಯ ಲೈಟಿನಲ್ಲಿ ಹವಳದ ಜಾಗದ ಪಾರ್ ಗೊತ್ತಿದ್ದರೆ ಹೊಸದನ್ನೂ ಅಷ್ಟಕ್ಕೇ ಹೊಂದಿಸಿ. ಗೊತ್ತಿಲ್ಲದಿದ್ದರೆ 30–40 ಪ್ರತಿಶತದಿಂದ ಆರಂಭಿಸಿ ವಾರಕ್ಕೆ 5ರಂತೆ ಏರಿಸಿ. ಪೂರ್ಣ ಬೆಳಕು 8 ಗಂಟೆ, ಮುಂಜಾನೆ–ಸಂಜೆಯ ಏರಿಳಿತ ಒಂದೊಂದು ಗಂಟೆ. ರಾತ್ರಿ ಪೂರ್ತಿ ಕತ್ತಲೆ ಇರಲಿ, ‘ಚಂದ್ರನ ಬೆಳಕು’ ಅಗತ್ಯವಿಲ್ಲ.

ಬೆಳಕು ಏರಿಸಿದಂತೆ ಗಟ್ಟಿ ಹವಳ ಕ್ಷಾರೀಯತೆಯನ್ನು ಬೇಗ ಬೇಗ ಬಳಸುತ್ತದೆ. ಆ ವಾರಗಳಲ್ಲಿ ಎರಡು ದಿನಕ್ಕೊಮ್ಮೆ ಡಿಕೆಎಚ್ (ಕ್ಷಾರೀಯತೆಯ ಅಳತೆ) ಪರೀಕ್ಷಿಸಿ 7–9ರ ನಡುವೆ ಒಂದೇ ಅಂಕಿಯಲ್ಲಿ ನಿಲ್ಲಿಸಿ.

ಹವಳ ಕಂದು ಬಣ್ಣಕ್ಕೆ ತಿರುಗುತ್ತಿದೆ. ಇನ್ನೊಂದು ಬೆಳ್ಳಗಾಗುತ್ತಿದೆ. ಒಂದೇ ಟ್ಯಾಂಕಿನಲ್ಲಿ ಎರಡೂ ಹೇಗೆ?

ಆಳದ ಟ್ಯಾಂಕಿನಲ್ಲಿ ಇದು ಮಾಮೂಲು. ಕಂದಾಗಿದ್ದು ಕೆಳಗಿನದಾದರೆ ಬೆಳಕು ಸಾಲದೆ ಪಾಚಿಯ ಸಂಖ್ಯೆ ಹೆಚ್ಚಿಸಿಕೊಂಡಿದೆ. ಜೊವಾಂಥಿಡ್ ಕಾಂಡ ಉದ್ದವಾಗಿ ಮೇಲಕ್ಕೆ ಚಾಚುವುದೂ ಅದೇ ಲಕ್ಷಣ. ಬೆಳ್ಳಗಾಗಿದ್ದು ಮೇಲ್ಬದಿಯಿಂದ ಶುರುವಾಗಿ ನೆರಳಿನ ಭಾಗ ಸರಿಯಾಗಿಯೇ ಇದ್ದರೆ ಬೆಳಕು ಹೆಚ್ಚಾಗಿದೆ. ಮೈಯೆಲ್ಲ ಒಂದೇ ಸಮ ಬಿಳಚಿದ್ದರೆ ಲೈಟನ್ನು ಮುಟ್ಟುವ ಮೊದಲು ನೈಟ್ರೇಟ್, ಫಾಸ್ಫೇಟ್ ಮತ್ತು ಉಷ್ಣಾಂಶ ನೋಡಿ. ನೈಟ್ರೇಟ್ ಸೊನ್ನೆ ತೋರಿಸುವ ನೀರಿನಲ್ಲಿ 250 ಪಾರ್ ಕೊಡುವುದೆಂದರೆ ಉಪವಾಸವಿರಿಸಿ ದುಡಿಸಿದಂತೆ. ನೈಟ್ರೇಟ್ 2–10, ಫಾಸ್ಫೇಟ್ 0.03–0.1 ಪಿಪಿಎಂ ಇರಲಿ.

ಬೆಳ್ಳಗಾದದ್ದನ್ನು ಒಮ್ಮೆಗೇ ಮರಳಿಗೆ ಇಳಿಸಬೇಡಿ. ಒಂದು ಮಟ್ಟ ಕೆಳಕ್ಕೆ ತಂದು ಎರಡು ಮೂರು ವಾರ ಬಿಡಿ.

ಮಳೆಗಾಲದಲ್ಲಿ ಲೈಟ್ ಕೆಡುವುದೇಕೆ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಗಾಳಿಯೂ ಒದ್ದೆ, ಟ್ಯಾಂಕಿನ ಮೇಲಿನದಂತೂ ಉಪ್ಪು ಸೇರಿದ ಒದ್ದೆ. ಲೈಟಿನ ಫ್ಯಾನ್ ಅದನ್ನೇ ಒಳಕ್ಕೆ ಎಳೆದು ಸರ್ಕ್ಯೂಟಿನ ಮೇಲೆ ಉಪ್ಪಿನ ಪದರ ಕೂರಿಸುತ್ತದೆ. ಲೈಟ್ ನೀರಿನಿಂದ 20 ಸೆಂ.ಮೀ.ಗಿಂತ ಕೆಳಗಿಳಿಯದಿರಲಿ, ಲೈಟಿಗೆ ಕರೆಂಟ್ ಹೊಂದಿಸಿ ಕೊಡುವ ಡ್ರೈವರ್ ಮತ್ತು ಬ್ಯಾಲಸ್ಟ್ ಟ್ಯಾಂಕಿನ ಸ್ಟ್ಯಾಂಡಿನೊಳಗೆ ಬೇಡ, ಗೋಡೆಗಿರಲಿ. ವೈರ್ ಸಾಕೆಟ್ಟಿಗಿಂತ ಕೆಳಕ್ಕೆ ಇಳಿದು ಮತ್ತೆ ಮೇಲೇರುವಂತೆ ಬಾಗಿಸಿ, ಆಗ ಜಾರಿಬಂದ ಹನಿ ಅಲ್ಲೇ ತೊಟ್ಟಿಕ್ಕುತ್ತದೆ. ಕರೆಂಟ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇಲ್ಲದೆ ಈ ಹವ್ಯಾಸಕ್ಕೆ ಇಳಿಯಲೇಬಾರದು.

ಲೆನ್ಸಿನ ಮುಂದಿನ ಗಾಜಿನ ಮೇಲೆ ಒಣಗಿದ ಉಪ್ಪಿನ ಚುಕ್ಕೆಗಳು ಬೆಳಕನ್ನು ಗಣನೀಯವಾಗಿ ತಿನ್ನುತ್ತವೆ. ವಾರಕ್ಕೊಮ್ಮೆ ಲೈಟ್ ಆರಿಸಿ, ತಣಿಯಲು ಬಿಟ್ಟು, ಆರ್‌ಒ ನೀರಿನಲ್ಲಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಒರೆಸಿ. ಅಕ್ರಿಲಿಕ್ ಕವಚಕ್ಕೆ ಸ್ಪಿರಿಟ್ ತಾಗಿಸಬೇಡಿ, ಕೂದಲೆಳೆಯ ಬಿರುಕು ಬರುತ್ತದೆ.

ಸೀಲಿಂಗಿನಿಂದ ತೂಗುಹಾಕಬಹುದೇ?

ಪಿಒಪಿಯಿಂದ ಬೇಡ. ಅದನ್ನು ದಾಟಿ ಆರ್‌ಸಿಸಿ ಸ್ಲ್ಯಾಬಿಗೆ 6 ಅಥವಾ 8 ಮಿ.ಮೀ. ಆ್ಯಂಕರ್ ಫಾಸ್ಟನರ್ ಹೊಡೆಸಿ ಸ್ಟೀಲ್ ತಂತಿಯಿಂದ ಇಳಿಸಿ. ಬಾಡಿಗೆ ಮನೆಯಾದರೆ ಸ್ಟ್ಯಾಂಡಿಗೆ ಬಿಗಿದ ಅಲ್ಯೂಮಿನಿಯಂ ಚೌಕಟ್ಟು ಒಳ್ಳೆಯದು. ಇದೇ ಹೊತ್ತಿಗೆ ನೆಲವನ್ನೂ ಯೋಚಿಸಿ: ಈ ಅಳತೆಯ ಟ್ಯಾಂಕ್ ನೀರು, ಗಾಜು, ಬಂಡೆ, ಸಂಪ್ (ಕೆಳಗಿನ ಫಿಲ್ಟರ್ ತೊಟ್ಟಿ), ಸ್ಟ್ಯಾಂಡ್ ಸೇರಿ 800 ಕಿಲೋ ಹತ್ತಿರ ತೂಗುತ್ತದೆ. ಮನೆಯ ಕೋಣೆಗಳ ನೆಲವನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕಿಲೋ ಭಾರಕ್ಕೆ ವಿನ್ಯಾಸ ಮಾಡುತ್ತಾರೆ. ಹಳೆಯ ಕಟ್ಟಡವಾದರೆ ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸಿ, ಬೀಮಿನ ಪಕ್ಕದ ಗೋಡೆಗೆ ಒತ್ತಿ ಇಡಿ.

ಆಳ ಸಮುದ್ರದ ಹವಳ ಇಟ್ಟರೆ ಲೈಟಿನ ಖರ್ಚೇ ಇರುವುದಿಲ್ಲವಲ್ಲ?

ಲೈಟಿನದು ಇರುವುದಿಲ್ಲ, ಊಟದ್ದು ಇರುತ್ತದೆ. ಜೂಕ್ಸಾಂಥೆಲೆ ಇಲ್ಲದ ಡೆಂಡ್ರೊನೆಫ್ತಿಯಾದಂಥವು ದಿನವಿಡೀ ಹರಿದು ಬರುವ ಸೂಕ್ಷ್ಮ ಆಹಾರವನ್ನೇ ನಂಬಿವೆ. ಅಷ್ಟು ಉಣಿಸಿದರೆ ನೀರು ಕೆಡುತ್ತದೆ, ಉಣಿಸದಿದ್ದರೆ ಕೆಲವೇ ತಿಂಗಳಲ್ಲಿ ಕರಗಿಹೋಗುತ್ತದೆ. ಕಿತ್ತಳೆ ಬಣ್ಣದ ಸನ್ ಕೋರಲ್ ಸಾಕುವುದು ಅದಕ್ಕಿಂತ ಸುಲಭ, ಆದರೆ ಅದು ಗಟ್ಟಿ ಹವಳ, ಮೇಲೆ ಹೇಳಿದ ಕಾನೂನು ಅದಕ್ಕೂ ಅನ್ವಯಿಸುತ್ತದೆ.

ಕರೆಂಟ್ ಬಿಲ್ ಎಷ್ಟು ಏರುತ್ತದೆ? ಕರೆಂಟ್ ಹೋದರೆ ಲೈಟ್ ಇನ್ವರ್ಟರಿಗೆ ಹಾಕಲೇ?

ಚಾನೆಲ್‌ಗಳನ್ನು ತಗ್ಗಿಸಿ ಓಡಿಸುವಾಗ ಎರಡು ಎಲ್‌ಇಡಿ ಸೇರಿ ಸರಾಸರಿ 210 ವ್ಯಾಟ್, ದಿನಕ್ಕೆ 9 ಗಂಟೆ ಎಂದರೆ ತಿಂಗಳಿಗೆ ಸುಮಾರು 57 ಯೂನಿಟ್. 400 ವ್ಯಾಟ್‌ನ ಒಂದೇ ಹ್ಯಾಲೈಡ್ 8 ಗಂಟೆಗೆ 96 ಯೂನಿಟ್, ಅದರ ಬಿಸಿ ಇಳಿಸುವ ಚಿಲ್ಲರಿನದು ಬೇರೆ. ನಿಮ್ಮ ಬಿಲ್ಲಿನ ಕೊನೆಯ ಸ್ಲ್ಯಾಬಿನ ದರದಿಂದ ಗುಣಿಸಿ, ಏಕೆಂದರೆ ಈ ಯೂನಿಟ್‌ಗಳೆಲ್ಲ ಸೇರುವುದು ಅಲ್ಲಿಗೇ.

ಇನ್ವರ್ಟರಿಗೆ ಲೈಟ್ ಬೇಡ. ಒಂದೆರಡು ದಿನ ಕತ್ತಲೆಯಲ್ಲಿ ಹವಳ ಸಾಯುವುದಿಲ್ಲ, ನೀರು ನಿಂತು ಆಮ್ಲಜನಕ ಇಳಿದರೆ ಮೀನು ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಅಲೆ ಎಬ್ಬಿಸುವ ಪಂಪ್ ಮೊದಲು, ಸಂಪಿನಿಂದ ನೀರು ಮೇಲೆತ್ತುವ ರಿಟರ್ನ್ ಪಂಪ್ ಆಮೇಲೆ. ಹ್ಯಾಲೈಡ್ ಇದ್ದವರು ಕರೆಂಟ್ ಬಂದ ಮೇಲೆ ಲ್ಯಾಂಪ್ ಹೊತ್ತದಿದ್ದರೆ ಗಾಬರಿಯಾಗಿ ಬ್ಯಾಲಸ್ಟ್ ಬಿಚ್ಚಬೇಡಿ. ಬಿಸಿಯಾದ ಲ್ಯಾಂಪ್ ತಣಿದು ಮತ್ತೆ ಹೊತ್ತಲು 10–15 ನಿಮಿಷ ಬೇಕು.